ಪ್ರತಿಮೆ ಮತ್ತು ಜನಸಂದಣಿ: ‘ಪೋಂ ನೆಫ್’ ಮುದ್ರಣಚಿತ್ರದಲ್ಲಿ ಪ್ರಭುತ್ವದ ಸಂಕೇತಗಳು

ನಗರಚಿತ್ರಗಳನ್ನು ಪರಿಶೀಲಿಸುವಾಗ ಅರಮನೆ, ಗೋಪುರ, ಪ್ರತಿಮೆಗಳನ್ನು ಪ್ರಭುತ್ವದ ಸಂಕೇತಗಳೆಂದು ಗುರುತಿಸಿ, ಜನರನ್ನು ಹಿನ್ನೆಲೆಯ ಅಲಂಕಾರವೆಂದು ಬದಿಗಿಡುವ ರೂಢಿಯೊಂದಿದೆ. ಫ್ಲಾರೆನ್ಸಿನ ಕಲಾವಿದ ಸ್ಟೆಫಾನೊ ಡೆಲ್ಲಾ ಬೆಲ್ಲಾ (1610–1664) ಪ್ಯಾರಿಸ್ಸಿನ ‘ಪೋಂ ನೆಫ್’ ಸೇತುವೆಯನ್ನು ಕುರಿತು 1646ರಲ್ಲಿ ರಚಿಸಿದ ಎಚಿಂಗ್ ಈ ರೂಢಿಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

1578ರಲ್ಲಿ ಆರಂಭವಾಗಿ 1607ರಲ್ಲಿ ಪೂರ್ಣಗೊಂಡ ಈ ಸೇತುವೆಯ ಮೇಲೆ, ಅಂದಿನ ವಾಡಿಕೆಗೆ ವಿರುದ್ಧವಾಗಿ, ಮನೆಗಳನ್ನು ಕಟ್ಟಲಿಲ್ಲ. ಅಲ್ಲಿ 1614ರಲ್ಲಿ ನಾಲ್ಕನೆಯ ಹೆನ್ರಿಯ ಅಶ್ವಾರೂಢ ಕಂಚಿನ ಪ್ರತಿಮೆ ಸ್ಥಾಪನೆಗೊಂಡಿತು. ಮುಂದೆ ಪೀಠದ ನಾಲ್ಕು ಮೂಲೆಗಳಲ್ಲಿ ಬಂದಿಗಳ ಶಿಲ್ಪಗಳನ್ನು ಇರಿಸಲಾಯಿತು. ಮೇಲೆ ಅರಸ, ಕೆಳಗೆ ಸೋತವರು: ಪ್ರಭುತ್ವ ಬಯಸಿದ ಅರ್ಥ ಸ್ಪಷ್ಟವಾಗಿತ್ತು.

ಡೆಲ್ಲಾ ಬೆಲ್ಲಾ ಈ ಅರ್ಥವನ್ನು ಅಳಿಸುವುದಿಲ್ಲ. ಅದರ ಪ್ರಮಾಣವನ್ನು ಬದಲಿಸುತ್ತಾನೆ. ಪ್ರತಿಮೆ ದೂರಕ್ಕೆ ಸರಿದು ಕಿರಿದಾಗುತ್ತದೆ. ಮುಂಭಾಗವನ್ನು ಸಾರೋಟು, ಕುದುರೆ ಸವಾರರು, ವ್ಯಾಪಾರಿಗಳು, ಭಿಕ್ಷುಕರು, ನಾಯಿಗಳು ತುಂಬಿಕೊಳ್ಳುತ್ತವೆ. ಅರಸನ ಸ್ಮಾರಕ ಜನರು ಕೂಡುವ ಜಾಗದ ಗುರುತಾಗಿ ಮಾರ್ಪಡುತ್ತದೆ.

ಈ ಮಾರ್ಪಾಟಿಗೆ ಮೌಖಿಕ ಪರಂಪರೆಯ ಆಧಾರವೂ ಇದೆ. ಬೀದಿಗಾಯಕರು ಇದೇ ಸೇತುವೆಯ ಮೇಲೆ, ಎಲ್ಲರಿಗೂ ತಿಳಿದ ಧಾಟಿಗಳಿಗೆ ಹೊಸ ಮಾತುಗಳನ್ನು ಕೂಡಿಸಿ ಹಾಡುತ್ತಿದ್ದರು. ಅಂಥ ಹಾಡುಗಳಿಗೆ ‘ಪೋಂ ನೆಫ್’ ಎಂಬ ಹೆಸರೇ ನಿಂತಿತು. ಚಿತ್ರ ರಚನೆಯಾದ ಎರಡು ವರ್ಷಗಳಲ್ಲಿ, ಅಂದರೆ 1648ರಲ್ಲಿ, ‘ಫ್ರೋಂಡ್’ ದಂಗೆ ಭುಗಿಲೆದ್ದಾಗ ಮಂತ್ರಿ ಮಜಾರಿನ್‌ನನ್ನು ಲೇವಡಿ ಮಾಡುವ ಹಾಡುಗಳೂ ಕರಪತ್ರಗಳೂ ಇಲ್ಲಿ ಹರಿದಾಡಿದವು. ರಾಜನ ಹೆಸರನ್ನು ಉಳಿಸಲೆಂದು ನಿಲ್ಲಿಸಿದ ಪ್ರತಿಮೆಯ ನೆರಳಿನಲ್ಲೇ ರಾಜಾಡಳಿತದ ವಿಡಂಬನೆ ನಡೆಯಿತು.

ಆದರೂ ಚಿತ್ರದ ಮಿತಿಯನ್ನು ಮರೆಮಾಚಲಾಗದು. ನೋಡುಗನನ್ನು ಕಲಾವಿದ ಎತ್ತರದಲ್ಲಿ ನಿಲ್ಲಿಸಿದ್ದಾನೆ. ಅಲ್ಲಿಂದ ಭಿಕ್ಷುಕನ ಬವಣೆಯೂ ನೋಟದ ಸೊಗಸಾಗಿಬಿಡುತ್ತದೆ. ಜನರು ಕಾಣುತ್ತಾರೆ, ಅವರ ದನಿ ಕೇಳುವುದಿಲ್ಲ. ಆ ಮೌನವನ್ನು ತುಂಬಲು ಹಾಡಿನ ಚರಿತ್ರೆಯನ್ನು ಚಿತ್ರದ ಜೊತೆಗಿಟ್ಟು ಓದುವುದು ಅಗತ್ಯ.

1792ರ ಕ್ರಾಂತಿಕಾಲದಲ್ಲಿ ಆ ಪ್ರತಿಮೆಯನ್ನು ಕೆಡವಲಾಯಿತು. ಇಂದಿರುವುದು 1818ರಲ್ಲಿ ಸ್ಥಾಪಿಸಿದ ಮತ್ತೊಂದು. ಮೂಲ ಪೀಠದ ಬಂದಿಗಳು ಮಾತ್ರ ಲೂವ್ರ್ ಸಂಗ್ರಹಾಲಯದಲ್ಲಿ ಉಳಿದಿವೆ. ಸಂಕೇತವನ್ನು ಪ್ರಭುತ್ವ ಸ್ಥಾಪಿಸಬಲ್ಲದು. ಅದರ ಅರ್ಥವನ್ನು ನಿರ್ಧರಿಸುವವರು ಅದರ ಸುತ್ತ ಬದುಕುವ ಜನ ಎಂಬುದನ್ನು ಈ ಚಿತ್ರ ಸ್ಥಿರಪಡಿಸುತ್ತದೆ.