ಅರವತ್ತನಾಲ್ಕು ಮನೆಗಳ ವಿಳಾಸ

ನಮ್ಮ ಹೆಂಗಸರಿಗೆ ಸಂಕೇತಲಿಪಿ ಹೊಸತೇನಲ್ಲ. ರಂಗೋಲಿ ಪುಸ್ತಕದ ಮೂಲೆಯಲ್ಲಿ ‘15ರಿಂದ 8, ಸಂದು ಚುಕ್ಕಿ’ ಎಂದು ಬರೆದಿದ್ದರೆ ಸಾಕು, ಅಂಗಳದ ತುಂಬ ಅರಳಬೇಕಾದ ಚಿತ್ರ ಕಣ್ಣೆದುರು ನಿಲ್ಲುತ್ತದೆ. ‘ಎರಡು ಸೀದಾ, ಎರಡು ಉಲ್ಟಾ’ ಎಂಬಷ್ಟರಲ್ಲಿ ಒಂದು ಸ್ವೆಟರಿನ ಅಂಚು ಮುಗಿದಿರುತ್ತದೆ. ಸಂಗೀತಪಾಠಕ್ಕೆ ನಾಲ್ಕು ದಿನ ಹೋದವರಿಗೂ ಸ್ವರಲಿಪಿ ಗೊತ್ತು. ಹೀಗಿದ್ದೂ ಚದುರಂಗದ ನಡೆ ಬರೆಯುವ ಲಿಪಿ ಕಂಡರೆ ಮಾತ್ರ ‘ಇದು ನಮಗಲ್ಲ’ ಎಂದು ಪತ್ರಿಕೆಯ ಪುಟ ತಿರುಗಿಸಿಬಿಡುತ್ತೇವೆ. ನಾನು ಅದನ್ನು ಕಲಿತದ್ದು ನಲವತ್ತು ದಾಟಿದ ಮೇಲೆ, ಮಗಳ ಜೊತೆ ಕೂತು, ಎರಡೇ ಮಧ್ಯಾಹ್ನಗಳಲ್ಲಿ. ಕಲಿತ ಮೇಲೆ ಅದು ಬರಿಯ ಲೆಕ್ಕದ ಚೀಟಿಯಾಗಿ ಕಾಣಲಿಲ್ಲ. ಒಂದು ಬರವಣಿಗೆಯಾಗಿ ಕಂಡಿತು. ಬರವಣಿಗೆ ಎಂದ ಮೇಲೆ ಅದಕ್ಕೂ ಒಂದು ವಿಮರ್ಶೆ ಬೇಡವೇ?

ಮೊದಲು ವ್ಯಾಕರಣ ನೋಡೋಣ. ಬಿಳಿ ಕಾಯಿಗಳ ಹಿಂದೆ ಕೂತವಳ ಎಡಗೈಯಿಂದ ಬಲಗೈಗೆ ಎಂಟು ಕಂಬಸಾಲುಗಳು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅವಳಿಂದ ಎದುರಾಳಿಯ ಕಡೆಗೆ ಅಡ್ಡಸಾಲುಗಳು 1ರಿಂದ 8. ಇವೆರಡೂ ಕೂಡಿದಲ್ಲಿ ಒಂದು ಮನೆಯ ವಿಳಾಸ. ಅವಳ ಎಡಮೂಲೆಯ ಕಪ್ಪು ಮನೆ ಎ1, ಎದುರಾಳಿಯ ಎಡಮೂಲೆಯದು ಎಚ್8. ಇನ್ನು ಕಾಯಿಗಳಿಗೆ ಇಂಗ್ಲಿಷ್ ಹೆಸರಿನ ಒಂದೊಂದು ಅಕ್ಷರ: ರಾಜನಿಗೆ ಕೆ, ರಾಣಿಗೆ ಕ್ಯೂ, ಆನೆಗೆ ಆರ್, ಒಂಟೆಗೆ ಬಿ. ಕುದುರೆಯ ಇಂಗ್ಲಿಷ್ ಹೆಸರೂ ಕೆಯಿಂದಲೇ ಶುರು. ಆದರೆ ಆ ಅಕ್ಷರವನ್ನು ರಾಜ ಮೊದಲೇ ಹಿಡಿದುಕೊಂಡಿರುವುದರಿಂದ ಪಾಪದ ಕುದುರೆಗೆ ಎನ್ ಸಿಕ್ಕಿತು. ಕಾಯಿ ಹೊಡೆದರೆ × ಗುರುತು, ರಾಜನಿಗೆ ಶಹ ಕೊಟ್ಟರೆ +, ಮಾತ್ ಆದರೆ #. ಇಷ್ಟೇ.

ಇಷ್ಟರಿಂದಲೇ ಒಂದು ಇಡೀ ಆಟ ಓದಬಹುದು. 1. ಇ4 ಇ5, 2. ಬಿಸಿ4 ಎನ್‌ಸಿ6, 3. ಕ್ಯೂಎಚ್5 ಎನ್‌ಎಫ್6, 4. ಕ್ಯೂ×ಎಫ್7#. ‘ಬಿಸಿ’ ಎಂದರೆ ಅಡಿಗೆಮನೆಯ ಬಿಸಿಯಲ್ಲ, ಸಿ4ಕ್ಕೆ ಬಂದ ಒಂಟೆ. ಮೂರನೆಯ ನಡೆಯಲ್ಲಿ ಬಿಳಿಯ ರಾಣಿ ಎಚ್5ಕ್ಕೆ ಬಂದು ನಿಂತಿದ್ದಾಳೆ, ಅವಳ ಕಣ್ಣು ಎಫ್7ರ ಮೇಲಿದೆ. ಆ ಮನೆಯನ್ನು ಕಾಯುವವನು ರಾಜನೊಬ್ಬನೇ. ಕಪ್ಪಿನವಳು ಅದನ್ನು ಗಮನಿಸದೆ ಕುದುರೆ ಹೊರಡಿಸಿದಳು; ಒಂಟೆಯ ಬೆಂಬಲ ಬೆನ್ನಿಗಿರುವ ರಾಣಿ ನೇರ ಒಳಗೆ ನುಗ್ಗಿದಳು. ಒಂದು ಸಾಲಿನಲ್ಲಿ ಆಸೆ, ಅಜಾಗ್ರತೆ, ಅನಾಹುತ ಮೂರೂ ಇವೆ. ಸಣ್ಣಕತೆ ಬರೆಯುವವರು ಹೊಟ್ಟೆಕಿಚ್ಚು ಪಡಬೇಕು!

ಈ ಲಿಪಿಯ ಮೊದಲ ಗುಣ ಅದರ ನ್ಯಾಯ. ಸಿರಿಯಾದ ಅಲೆಪ್ಪೊ ಊರಿನ ಫಿಲಿಪ್ ಸ್ಟಾಮ ಎಂಬಾತ 1737ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಮೊದಲ ರೂಪ ಸಿಗುತ್ತದೆ. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಬಹುಕಾಲ ಬೇರೊಂದು ಪದ್ಧತಿ ಇತ್ತು. ಅದರಲ್ಲಿ ಪ್ರತಿ ಮನೆಗೂ ಎರಡು ಹೆಸರು: ಬಿಳಿಯವರ ಕಡೆಯಿಂದ ಎಣಿಸಿದರೆ ಒಂದು, ಕಪ್ಪಿನವರ ಕಡೆಯಿಂದ ಇನ್ನೊಂದು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ 1981ರಿಂದ ಸ್ಟಾಮನ ಜಾಡಿನ ಪದ್ಧತಿಯೊಂದನ್ನೇ ಮಾನ್ಯ ಮಾಡಿತು. ಈಗ ಇ4 ಎಂದರೆ ಯಾರ ಕಡೆಯಿಂದ ನೋಡಿದರೂ ಇ4. ಅತ್ತೆ ಹೇಳುವ ಜಗಳಕ್ಕೂ ಸೊಸೆ ಹೇಳುವ ಜಗಳಕ್ಕೂ ಒಂದೇ ವಿಳಾಸ ಇರುವ ಮನೆಯನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಎರಡನೆಯ ಗುಣ, ಇದರಲ್ಲಿ ವಿಶೇಷಣಗಳಿಲ್ಲ. ಅದರ ಬೆಲೆ ತಿಳಿಯಬೇಕಾದರೆ ವೆರಾ ಮೆಂಚಿಕ್ ಕತೆ ಕೇಳಬೇಕು. 1906ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲೆಸಿದ ಆಕೆ 1927ರಲ್ಲಿ ಜಗತ್ತಿನ ಮೊದಲ ಮಹಿಳಾ ಚದುರಂಗ ಚಾಂಪಿಯನ್ ಆದಳು. 1929ರಲ್ಲಿ ಕಾರ್ಲ್ಸ್‌ಬಾಡ್ ಪಂದ್ಯಾವಳಿಗೆ, ಗಂಡಸರ ನಡುವೆ ಒಬ್ಬಳೇ, ಆಡಲು ಹೋದಾಗ ಆಲ್ಬರ್ಟ್ ಬೆಕರ್ ಎಂಬ ಆಟಗಾರ ತಮಾಷೆ ಮಾಡಿದ: ಈಕೆಗೆ ಸೋತವರನ್ನೆಲ್ಲ ‘ವೆರಾ ಮೆಂಚಿಕ್ ಕ್ಲಬ್ಬಿ’ನ ಸದಸ್ಯರನ್ನಾಗಿ ಮಾಡೋಣ ಎಂದು. ಆ ಕ್ಲಬ್ಬಿಗೆ ಮೊದಲು ಸೇರಿದವನು ಆತನೇ! ಒಟ್ಟು ಪಂದ್ಯಾವಳಿಯಲ್ಲಿ ವೆರಾ ಕೊನೆಯ ಸ್ಥಾನಕ್ಕೆ ಬಂದಳು ಎಂಬುದೂ ನಿಜ, ಮುಚ್ಚಿಡಬೇಕಾಗಿಲ್ಲ. ಆದರೆ ಅವರಿಬ್ಬರ ಆಟದ ದಾಖಲೆ ತೆಗೆದು ಓದಿ. ಅಲ್ಲಿ ನಗೆಯಿಲ್ಲ, ಕುಹಕವಿಲ್ಲ, ‘ಹೆಂಗಸಾದರೂ ಚೆನ್ನಾಗಿ ಆಡಿದಳು’ ಎಂಬ ಉಪಕಾರದ ಮಾತಿಲ್ಲ. ಅವಳ ನಡೆಯ ಪಕ್ಕದಲ್ಲಿ ಅವನ ನಡೆ, ಕೊನೆಗೆ 1-0. 1944ರಲ್ಲಿ ಲಂಡನ್ನಿನ ಅವಳ ಮನೆಯ ಮೇಲೆ ಜರ್ಮನರ ಹಾರುವ ಬಾಂಬ್ ಬಿದ್ದು ತಾಯಿ, ತಂಗಿಯರ ಸಮೇತ ಅವಳು ಸತ್ತಳು. ನಡೆಗಳು ಮಾತ್ರ ಉಳಿದಿವೆ, ನಾನು ಇಲ್ಲಿ ಕೂತು ಅವನ್ನು ಮತ್ತೆ ಆಡಿಸಬಲ್ಲೆ.

ವೆರಾಗೆ ಸೋತವರಲ್ಲಿ ಮ್ಯಾಕ್ಸ್ ಯೂವೆ ಕೂಡ ಒಬ್ಬರು. ಮುಂದೆ 1935ರಲ್ಲಿ ಅವರು ವಿಶ್ವ ಚಾಂಪಿಯನ್ನೇ ಆದರು, ಆಮೇಲೆ ಫಿಡೆಯ ಅಧ್ಯಕ್ಷರೂ ಆದರು. ನಮ್ಮ ದೇಶದಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಗೆದ್ದವಳು ಮುಂಬೈಯ ವಾಸಂತಿ ಖಾಡಿಲ್ಕರ್. ಎರಡು ವರ್ಷದ ನಂತರ ಅವಳ ತಂಗಿ, ಹದಿಮೂರರ ಹುಡುಗಿ ರೋಹಿಣಿ, ಗಂಡಸರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದಾಗ ಗದ್ದಲವೆದ್ದು ವಿಷಯ ಹೈಕೋರ್ಟಿನವರೆಗೆ ಹೋಯಿತು. ಹೆಂಗಸರನ್ನು ಅಂಥ ಪಂದ್ಯಗಳಿಂದ ಹೊರಗಿಡಕೂಡದು ಎಂದು ಆಗ ಅಪ್ಪಣೆ ಕೊಟ್ಟವರು ಇದೇ ಯೂವೆ. ಒಂದಕ್ಕೊಂದು ಗಂಟು ಹಾಕಲು ನನ್ನ ಬಳಿ ಪುರಾವೆಯಿಲ್ಲ. ಆದರೆ ಹೆಣ್ಣೊಬ್ಬಳ ಎದುರು ಸೋತ ದಾಖಲೆಗೆ ಸಹಿ ಹಾಕಿ ಎದ್ದಿದ್ದ ಮನುಷ್ಯನಿಗೆ ‘ಹೆಂಗಸರಿಗೇಕೆ ಈ ಆಟ’ ಎಂದು ಕೇಳುವುದು ಸ್ವಲ್ಪ ಕಷ್ಟವಾಗಿರಬೇಕು ಎಂದು ನನ್ನ ಊಹೆ.

ಹೊಗಳಿದ್ದಾಯಿತು, ಈಗ ಕೊರತೆ. ಕಾಲಾಳುವಿಗೆ ಈ ಲಿಪಿಯಲ್ಲಿ ಅಕ್ಷರವೇ ಇಲ್ಲ. ಮೇಲಿನ ‘ಇ4’ ನೋಡಿ, ಬರೀ ವಿಳಾಸ. ಹದಿನಾರು ಕಾಲಾಳುಗಳು ಹಲಗೆಯ ಮೇಲಿದ್ದೂ ಅನಾಮಿಕರು. ಕಾಲಾಳು ಕಾಯಿ ಹೊಡೆದರೆ ‘ಇ×ಡಿ5’ ಎಂದು ಹೊರಟು ಬಂದ ಸಾಲಿನಿಂದ ಗುರುತಿಸುತ್ತಾರೆ. ನಮ್ಮ ಮನೆಗಳಲ್ಲಿ ಸೊಸೆಯನ್ನು ‘ಸಾಗರದವಳು’, ‘ಗದಗಿನವಳು’ ಎಂದು ತವರೂರಿನಿಂದ ಕರೆದ ಹಾಗೆ. ಎಂಟನೆಯ ಸಾಲು ಮುಟ್ಟಿ ರಾಣಿಯಾದರೆ ‘ಇ8=ಕ್ಯೂ’. ಕಾಲಾಳುವಿಗೆ ಅಕ್ಷರ ದಕ್ಕುವುದು ಅದು ಕಾಲಾಳು ಅಲ್ಲದೆ ಹೋದಾಗ! ಬರೆಯುವವರಿಗೆ ಇದು ಅನುಕೂಲ, ಶ್ರಮ ಉಳಿಯುತ್ತದೆ, ಒಪ್ಪುತ್ತೇನೆ. ಅತಿ ಹೆಚ್ಚು ಇರುವುದನ್ನು ಹೆಸರಿಸದೆ ಬಿಡುವುದೇ ಎಲ್ಲ ಸಂಕ್ಷೇಪಗಳ ಅಭ್ಯಾಸ. ಮನೆಯ ಖರ್ಚಿನ ಪುಸ್ತಕದಲ್ಲಿ ಹಾಲು, ಎಣ್ಣೆ, ಬೇಳೆಗೆ ಸಾಲುಗಳಿವೆ, ಒಲೆಯ ಮುಂದೆ ನಿಂತ ಗಂಟೆಗಳಿಗೆ ಒಂದು ಸಾಲೂ ಇಲ್ಲ. ಲಿಪಿ ಲೋಕದಿಂದಲೇ ಕಲಿಯುತ್ತದೆ.

ಇನ್ನೊಂದು ಮಾತು. ನಡೆಯ ಮುಂದೆ ‘!’ ಎಂದರೆ ಭೇಷ್, ‘?’ ಎಂದರೆ ತಪ್ಪು. ಇವನ್ನು ಹಾಕುವವರು ಬಹುಮಟ್ಟಿಗೆ ಆಟ ಮುಗಿದ ಮೇಲೆ ಬಂದ ವ್ಯಾಖ್ಯಾನಕಾರರು. ಆಡುವವಳ ಎದುರು ಓಡುವ ಗಡಿಯಾರವಿತ್ತು, ಇವರೆದುರು ಕಾಫಿ ಇದೆ. ಓದುವಾಗ ಈ ಚಿಹ್ನೆಗಳನ್ನು ಬೆರಳಿನಿಂದ ಮುಚ್ಚಿ ಮೊದಲು ನಡೆಯನ್ನೇ ನೋಡುವುದು ಒಳ್ಳೆಯದು.

ಪಂದ್ಯದ ನಿಯಮದಲ್ಲಿ ನನಗೆ ಹಿಡಿಸಿದ್ದು ಇದು: ಮೊದಲು ನಡೆಯಬೇಕು, ಆಮೇಲೆ ಬರೆಯಬೇಕು, ಮತ್ತು ತನ್ನ ನಡೆಯನ್ನು ಮಾತ್ರವಲ್ಲ, ಎದುರಾಳಿಯದನ್ನೂ ಬರೆಯಬೇಕು. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಹೀಗೆ ಎರಡು ಕೈಗಳು ಬರೆದ ಒಂದೇ ಕತೆಯಲ್ಲಿ ಗೆದ್ದವರ ಪ್ರತಿಗೂ ಸೋತವರ ಪ್ರತಿಗೂ ಒಂದಕ್ಷರ ವ್ಯತ್ಯಾಸವಿರುವುದಿಲ್ಲ. ನಿಮ್ಮ ಮಗಳು ಆಟ ಕಲಿಯುತ್ತಿದ್ದರೆ ಒಂದು ನೋಟುಬುಕ್ಕು, ಒಂದು ಪೆನ್ಸಿಲು ಕೊಡಿಸಿ. ಎದುರು ಕೂತು ನೀವೂ ಒಂದು ಹಿಡಿಯಿರಿ. ತಾರೀಖು ಹಾಕಿ, ಇಬ್ಬರ ಹೆಸರೂ ಪೂರ್ತಿ ಬರೆಯಿರಿ, ‘ಅಮ್ಮ’ ಎಂದಲ್ಲ.