ಆನಂದ ಕುಮಾರಸ್ವಾಮಿಯವರೂ ವಸ್ತುಸಂಗ್ರಹಾಲಯವೂ

ಭಾರತೀಯ ಕಲೆಯ ವಿಚಾರದಲ್ಲಿ ಅಷ್ಟಿಷ್ಟು ಪರಿಶ್ರಮವುಳ್ಳವರಲ್ಲಿ ಆನಂದ ಕುಮಾರಸ್ವಾಮಿಯವರ ಹೆಸರನ್ನರಿಯದವರು ವಿರಳ. ಆದರೆ ಬಹುಮಂದಿ ಅವರನ್ನು ಶಿವತಾಂಡವದ ವ್ಯಾಖ್ಯಾತೃವೆಂದೋ ಸನಾತನ ತತ್ತ್ವಗಳ ಪ್ರತಿಪಾದಕರೆಂದೋ ನೆನೆಯುವರು. ಅವರು ೧೯೧೭ ರಿಂದ ೧೯೪೭ ರವರೆಗೆ ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಉದ್ಯೋಗಿಗಳಾಗಿದ್ದು, ವಿಗ್ರಹ ಚಿತ್ರಪಟಗಳಿಗೆ ಕಾಲ ದೇಶಗಳನ್ನು ನಿರ್ಣಯಿಸಿ ಪಟ್ಟಿ ಬರೆಯುವುದೇ ಅವರ ನಿತ್ಯದ ಕಾಯಕವಾಗಿದ್ದಿತೆಂಬುದು ಮರೆವಿಗೆ ಸಂದಿದೆ. ಅವರ ತತ್ತ್ವವು ಈ ಕಾಯಕದಿಂದ ಪಡೆದುದೇನು, ಕಾಯಕವು ತತ್ತ್ವದಿಂದ ಕಳೆದುಕೊಂಡುದೇನು ಎಂಬುದು ವಿಚಾರಾರ್ಹವಾದ ವಿಷಯ.

ಕುಮಾರಸ್ವಾಮಿಯವರು ೧೮೭೭ ರ ಆಗಸ್ಟ್ ೨೨ ರಂದು ಕೊಲಂಬೊ ನಗರದಲ್ಲಿ ಜನಿಸಿದರು. ತಂದೆ ಸರ್ ಮುತ್ತುಕುಮಾರಸ್ವಾಮಿಯವರು ತಮಿಳರು, ಪ್ರಸಿದ್ಧ ನ್ಯಾಯವಾದಿಗಳು. ತಾಯಿ ಆಂಗ್ಲ ಮಹಿಳೆ. ಮಗುವಿಗೆ ಎರಡು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡುದರಿಂದ ವಿದ್ಯಾಭ್ಯಾಸವೆಲ್ಲವೂ ಇಂಗ್ಲೆಂಡಿನಲ್ಲಿ ನಡೆಯಿತು. ಅವರು ಮೊದಲು ಕಲಿತುದು ಕಲಾಶಾಸ್ತ್ರವನ್ನಲ್ಲ, ಭೂವಿಜ್ಞಾನ ಸಸ್ಯವಿಜ್ಞಾನಗಳನ್ನು. ೧೯೦೩ ರಿಂದ ೧೯೦೬ ರವರೆಗೆ ಸಿಂಹಳದ ಖನಿಜ ಪರಿಶೋಧನ ಇಲಾಖೆಯ ನಿರ್ದೇಶಕರಾಗಿದ್ದು, ಥೋರಿಯನೈಟ್ ಎಂಬ ಹೊಸ ಖನಿಜವನ್ನು ಗುರುತಿಸಿ ಕೀರ್ತಿಪಡೆದರು. ಕಲ್ಲನ್ನು ಹುಡುಕಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದಾಗಲೇ ಅಲ್ಲಿಯ ಕಮ್ಮಾರ, ಅಕ್ಕಸಾಲೆ, ನೇಕಾರ, ಚಿತ್ರಕಾರರ ಕಸಬು ಕ್ಷೀಣಿಸುತ್ತಿರುವುದು ಅವರ ಕಣ್ಣಿಗೆ ಬಿದ್ದಿತು. ೧೯೦೮ ರಲ್ಲಿ ಹೊರಬಂದ 'ಮಧ್ಯಯುಗದ ಸಿಂಹಳ ಕಲೆ' ಎಂಬ ಗ್ರಂಥವು ಇದರ ಫಲ. ವಿಲಿಯಂ ಮಾರಿಸ್‌ನ ಕೆಲ್ಮ್‌ಸ್ಕಾಟ್ ಮುದ್ರಣಯಂತ್ರದಲ್ಲಿಯೇ ಇದರ ಮುದ್ರಣ ನಡೆಯಿತು. ಕಸಬುದಾರರ ಉಪಕರಣಗಳನ್ನೂ ವಿಧಾನಗಳನ್ನೂ ಇದರಲ್ಲಿ ಖನಿಜಶಾಸ್ತ್ರಜ್ಞನ ನಿಷ್ಠುರವಾದ ದೃಷ್ಟಿಯಿಂದ ವರ್ಣಿಸಲಾಗಿದೆ. ರಾಜಸೇವೆಗೆ ಪ್ರತಿಯಾಗಿ ಭೂಮಿಯನ್ನು ಉಂಬಳಿಯಾಗಿ ಪಡೆಯುತ್ತಿದ್ದ ಆ ವ್ಯವಸ್ಥೆಯನ್ನು ಗ್ರಂಥಕರ್ತರು ಮೆಚ್ಚಿಕೊಂಡಷ್ಟು, ಅದರಲ್ಲಿದ್ದ ಕಟ್ಟುಪಾಡಿನ ಭಾರವನ್ನು ತೂಗಿ ನೋಡಿಲ್ಲವೆಂಬ ಆಕ್ಷೇಪಕ್ಕೆ ಮಾತ್ರ ಎಡೆಯುಂಟು.

ಅನಂತರ ಭಾರತಕ್ಕೆ ಬಂದು, ಸ್ವದೇಶಿ ಚಳುವಳಿಯ ಆ ದಿನಗಳಲ್ಲಿ ಉತ್ತರ ದೇಶವನ್ನೆಲ್ಲ ಸುತ್ತಿ, ಯಾರೂ ಲಕ್ಷಿಸದಿದ್ದ ರಜಪೂತ ಚಿತ್ರಗಳನ್ನು ಕೂಡಿಹಾಕಿದರು. ೧೯೧೦-೧೧ ರಲ್ಲಿ ಅಲಹಾಬಾದಿನ ಪ್ರದರ್ಶನದ ಕಲಾವಿಭಾಗವನ್ನು ವ್ಯವಸ್ಥೆಗೊಳಿಸಿದವರೂ ಅವರೇ. ಈ ಸಂಗ್ರಹವು ಒಂದು ರಾಷ್ಟ್ರೀಯ ಸಂಗ್ರಹಾಲಯಕ್ಕೆ ಮೂಲಧನವಾಗಲೆಂಬುದು ಅವರ ಅಭಿಲಾಷೆಯಾಗಿದ್ದಿತು, ಅದು ಕೈಗೂಡಲಿಲ್ಲ. ೧೯೧೭ ರಲ್ಲಿ ಬಾಸ್ಟನ್ನಿನ ಡೆನ್ಮನ್ ರಾಸ್ ಎಂಬ ಮಹನೀಯನು ಅದನ್ನು ಕ್ರಯಕ್ಕೆ ಪಡೆದು ಅಲ್ಲಿಯ ಸಂಗ್ರಹಾಲಯಕ್ಕೆ ಒಪ್ಪಿಸಿದನು. ಕುಮಾರಸ್ವಾಮಿಯವರು ಭಾರತೀಯ ವಿಭಾಗದ ಪಾಲಕರಾಗಿ ಅದರೊಡನೆಯೇ ಹೋದರು. ಸ್ವದೇಶಿಯನ್ನು ಬೋಧಿಸಿದವರ ಸಂಗ್ರಹವೇ ವಿದೇಶಕ್ಕೆ ಸಂದುದು ವಿಪರ್ಯಾಸವೇ ಸರಿ. ಆದರೆ ದೋಷವನ್ನು ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ದೆಹಲಿಯಲ್ಲಿ ರಾಷ್ಟ್ರೀಯ ಸಂಗ್ರಹಾಲಯವು ತಲೆಯೆತ್ತಿದುದು ೧೯೪೯ ರ ಆಗಸ್ಟ್ ೧೫ ರಂದು; ಅಷ್ಟು ಹೊತ್ತಿಗೆ ಅವರು ಗತಿಸಿ ಎರಡು ವರ್ಷವಾಗುತ್ತ ಬಂದಿದ್ದಿತು. ಕೊಡುವವನಿದ್ದಾಗ ಕೊಳ್ಳುವ ಕೈ ಇರಲಿಲ್ಲ.

ಬಾಸ್ಟನ್ನಿನಲ್ಲಿ ಅವರು ನಡೆಸಿದ ಮುಖ್ಯ ಕಾರ್ಯವೆಂದರೆ ಸಂಗ್ರಹದ ಸವಿವರಣವಾದ ಸೂಚಿ. ಪೀಠಿಕೆ ಹಾಗೂ ಶಿಲ್ಪಗಳ ಭಾಗಗಳು ೧೯೨೩ ರಲ್ಲಿ, ಜೈನ ಚಿತ್ರಗಳದು ೧೯೨೪ ರಲ್ಲಿ, ರಜಪೂತ ಚಿತ್ರಗಳದು ೧೯೨೬ ರಲ್ಲಿ, ಮೊಗಲ ಚಿತ್ರಗಳದು ೧೯೩೦ ರಲ್ಲಿ ಪ್ರಕಟವಾದುವು. ಸೂಚಿಯೆಂದೊಡನೆ ನೀರಸವಾದ ಪಟ್ಟಿಯೆಂದು ಭಾವಿಸಬಾರದು. ಚಿತ್ರದಲ್ಲಿ ಮೂಡಿದ ಕಥೆಯಾವುದು, ನಾಯಿಕೆ ಯಾವ ಅವಸ್ಥೆಯವಳು, ರಾಗಮಾಲೆಯಲ್ಲಿ ಇದು ಯಾವ ರಾಗಿಣಿಯ ರೂಪ ಎಂಬುದನ್ನು ಕಾವ್ಯಾಲಂಕಾರ ಗ್ರಂಥಗಳ ಬೆಂಬಲದಿಂದ ಅಲ್ಲಿ ನಿರ್ಣಯಿಸಲಾಗಿದೆ. ಪಟವನ್ನು ಓದುವುದಕ್ಕೆ ಕಾವ್ಯವನ್ನು ಬಲ್ಲವನೇ ಬೇಕೆಂಬುದು ಇದರಿಂದ ಸ್ಥಿರಪಟ್ಟಿತು. ಸಾಹಿತ್ಯವನ್ನು ಬೋಧಿಸುವವರಿಗೆ ಅವರ ಸೇವೆಯಲ್ಲಿ ಅತ್ಯಂತ ಉಪಾದೇಯವಾದ ಅಂಶವಿದು.

ಅವರ ಕೀರ್ತಿಗೆ ಅಡಿಗಲ್ಲಾದುದು ೧೯೧೬ ರ 'ರಜಪೂತ ಚಿತ್ರಕಲೆ'. ಅದುವರೆಗೆ ಮೊಗಲ ಚಿತ್ರಗಳ ಗುಂಪಿನಲ್ಲಿ ಕಲೆತುಹೋಗಿದ್ದ ರಾಜಸ್ಥಾನದ ಮತ್ತು ಪಂಜಾಬಿನ ಬೆಟ್ಟದ ಸೀಮೆಯ ಚಿತ್ರಗಳನ್ನು ಅವರು ಬೇರ್ಪಡಿಸಿ, ರಾಜಸ್ಥಾನಿ, ಪಹಾಡಿ ಎಂದು ವಿಭಾಗಿಸಿದರು. ಮೊಗಲ ಕಲೆ ಆಸ್ಥಾನದ್ದು, ವ್ಯಕ್ತಿಚಿತ್ರದಲ್ಲಿ ಆಸಕ್ತವಾದುದು. ರಜಪೂತ ಕಲೆ ಜನಪದದ್ದು, ಭಕ್ತಿಪರವಾದುದು ಎಂಬುದು ಅವರ ಸಿದ್ಧಾಂತದ ಸಾರ. ವಿಭಾಗವು ಉಪಕಾರಕವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೆರೆಯನ್ನು ಎಳೆದುದು ಅತಿ ನೇರವಾಯಿತು. ಅಕ್ಬರನ ಆಸ್ಥಾನದಲ್ಲಿ ದಸವಂತ, ಬಸಾವನರಂಥ ಹಿಂದೂ ಚಿತ್ರಕಾರರಿದ್ದರು. ಮಹಾಭಾರತದ ಪಾರಸಿ ಅನುವಾದವಾದ ರಜ್ಮ್‌ನಾಮಾ ಅಲ್ಲಿಯೇ ಚಿತ್ರಿತವಾಯಿತು. ಇತ್ತ ರಜಪೂತ ಅರಸರೂ ತಮ್ಮ ರೂಪವನ್ನೂ ಬೇಟೆಯನ್ನೂ ಬರೆಯಿಸಿಕೊಂಡರು. ಮೇಲಾಗಿ ೧೯೬೮ ರಲ್ಲಿ ಬಿ. ಎನ್. ಗೋಸ್ವಾಮಿಯವರು ಹರಿದ್ವಾರವೇ ಮೊದಲಾದ ಕ್ಷೇತ್ರಗಳ ಪಂಡರ ವಹಿಗಳನ್ನು ಶೋಧಿಸಿ, ಪಹಾಡಿ ಚಿತ್ರಗಳ ಶೈಲಿಗೆ ಸಂಸ್ಥಾನಕ್ಕಿಂತ ಮನೆತನವೇ ಆಧಾರವೆಂದು ತೋರಿಸಿದರು. ಗುಲೇರಿನ ಪಂಡಿತ ಸೇವು, ಅವನ ಮಕ್ಕಳಾದ ಮಾಣಕು, ನೈನಸುಖರ ವಂಶವು ಇದಕ್ಕೆ ನಿದರ್ಶನ.

ಇಲ್ಲಿಯೇ ಅವರ ಮುಖ್ಯವಾದೊಂದು ತತ್ತ್ವಕ್ಕೆ ಪರೀಕ್ಷೆ ಒದಗುವುದು. ಸಂಪ್ರದಾಯದ ಕಲೆಯಲ್ಲಿ ಕರ್ತೃವಿನ ಹೆಸರಿಗೆ ಬೆಲೆಯಿಲ್ಲ. ಕೃತಿ ನಿರ್ನಾಮಕವಾಗಿರುವುದೇ ಸಹಜ. ಶಿಲ್ಪಿಯು ತನ್ನನ್ನು ತೋರಿಸಿಕೊಳ್ಳುವುದಕ್ಕಾಗಿ ಕಡೆಯುವುದಿಲ್ಲ ಎಂದು ಅವರು ಮರಳಿ ಮರಳಿ ವಾದಿಸಿದರು. ಕನ್ನಡ ನಾಡಿನ ಸಾಕ್ಷ್ಯವು ಈ ಮಾತಿಗೆ ಅಷ್ಟು ಸುಲಭವಾಗಿ ಒಡಂಬಡುವುದಿಲ್ಲ. ಹೊಯ್ಸಳರ ರೂವಾರಿಗಳು ತಮ್ಮ ಅಂಕಿತವನ್ನು ಕಲ್ಲಿನಲ್ಲಿ ಧಾರಾಳವಾಗಿ ಬಿಟ್ಟುಹೋಗಿರುವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಹೆಸರಿನಿಂದ ಪರಿಚಿತರು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ವಿಷಯದಲ್ಲಿ ೧೯೧೭ ರಲ್ಲಿಯೂ ಬೇಲೂರಿನ ವಿಷಯದಲ್ಲಿ ೧೯೧೯ ರಲ್ಲಿಯೂ ಹೊರಡಿಸಿದ ಪುಸ್ತಕಗಳಿಂದ ಈ ಸಂಗತಿ ವಿದ್ವಲ್ಲೋಕಕ್ಕೆ ವಿದಿತವಾಗಿದ್ದಿತು.

ಕುಮಾರಸ್ವಾಮಿಯವರ ಪಕ್ಷದಿಂದ ಇದಕ್ಕೊಂದು ಸಮಾಧಾನವುಂಟು. ಆ ಅಂಕಿತಗಳಲ್ಲಿ ಕಾಣುವುದು ಊರು, ತಂದೆಯ ಹೆಸರು, ಬಿರುದು ಇವೇ. ಮನೆತನದ ಮಾತಲ್ಲದೆ ಅಂತರಂಗದ ಮಾತಲ್ಲ. ಆದುದರಿಂದ ಹೆಸರಿದ್ದಮಾತ್ರದಿಂದ ಆತ್ಮಪ್ರದರ್ಶನವಾಗಲಾರದು. ಸಮಾಧಾನವು ಯುಕ್ತವಾದುದೇ. ಆದರೂ ಪ್ರತಿಸ್ಪರ್ಧಿಗಳಾದ ರೂವಾರಿಗಳನ್ನು ಗೆದ್ದೆವೆಂದು ಸಾರುವ ಬಿರುದುಗಳಲ್ಲಿ ಅಭಿಮಾನವಿಲ್ಲವೆನ್ನುವುದು ಕಷ್ಟ. ಹೆಸರು ಬೇಡವೆಂದವನು ಶಿಲ್ಪಿಯಲ್ಲ. ಹೆಸರಿಗೆ ಬೆಲೆಯಿಲ್ಲವೆಂದವರು ತತ್ತ್ವಜ್ಞರು. ಸಂಗ್ರಹಾಲಯದ ಚೀಟಿಯಲ್ಲಿ ಕರ್ತೃವಿನ ಸ್ಥಾನವು ಬರಿದಾಗಿರುವುದಕ್ಕೆ ಎಷ್ಟೋ ವೇಳೆ ಕಾರಣವು ಸಂಪ್ರದಾಯವಲ್ಲ, ಶೋಧನೆಯ ಅಭಾವ. ಆ ಅಭಾವಕ್ಕೆ ತತ್ತ್ವದ ಮನ್ನಣೆ ದೊರೆತರೆ ಶೋಧನೆಯೇ ನಿಂತುಹೋಗುವ ಅಪಾಯವಿದೆ.

ಶೋಧಕರಾಗಿ ಅವರ ಸಾಮರ್ಥ್ಯವು ಎಷ್ಟೆಂಬುದನ್ನು ಬುದ್ಧಪ್ರತಿಮೆಯ ಮೂಲವನ್ನು ಕುರಿತ ೧೯೨೭ ರ ಪ್ರಬಂಧವು ತೋರಿಸುತ್ತದೆ. ಬುದ್ಧನ ರೂಪವು ಗಾಂಧಾರದಲ್ಲಿ ಗ್ರೀಕರ ಪ್ರಭಾವದಿಂದ ಹುಟ್ಟಿತೆಂದು ಫ್ರೆಂಚ್ ವಿದ್ವಾಂಸ ಫೂಶೆ ಸಾಧಿಸಿದ್ದನು. ಮಥುರೆಯಲ್ಲಿ ದೇಶೀಯವಾದ ಯಕ್ಷವಿಗ್ರಹಗಳಿಂದಲೇ ಆ ರೂಪವು ಸ್ವತಂತ್ರವಾಗಿ ಬೆಳೆಯಿತೆಂದು ಇವರು ಪ್ರತಿಪಾದಿಸಿದರು. ವಾದವು ಪೂರ್ತಿಯಾಗಿ ಇತ್ಯರ್ಥವಾಗಿಲ್ಲವಾದರೂ ಮಥುರೆಯ ಸ್ವಾತಂತ್ರ್ಯವನ್ನು ಅಲ್ಲಗಳೆಯುವವರು ಈಗ ವಿರಳ. ೧೯೨೮ ಮತ್ತು ೧೯೩೧ ರಲ್ಲಿ ಬಂದ 'ಯಕ್ಷರು' ಎಂಬ ಎರಡು ಭಾಗಗಳೂ ಇದೇ ಮಾರ್ಗದವು. ಇಲ್ಲಿ ತತ್ತ್ವವು ವಸ್ತುವನ್ನು ಹಿಂಬಾಲಿಸಿದೆ, ಆದುದರಿಂದಲೇ ಗಟ್ಟಿಯಾಗಿದೆ.

೧೯೩೩ ರಲ್ಲಿ ಅವರ ಪದವಿಯು ಸಂಶೋಧಕ ಪದವಿಯಾಗಿ ಮಾರ್ಪಟ್ಟಿತು. ೧೯೩೪ ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸಾದೃಶ್ಯ, ಪ್ರಮಾಣ, ಪರೋಕ್ಷ, ರಸ ಎಂಬ ಪರಿಭಾಷೆಗಳನ್ನು ಚಿತ್ರ ಶಿಲ್ಪಗಳಿಗೆ ಅನ್ವಯಿಸಿ, ಮಧ್ಯಯುಗದ ಯೂರೋಪಿನ ಎಕ್‌ಹಾರ್ಟನ ಮಾತುಗಳೊಡನೆ ಹೋಲಿಸಿದರು. ರಸವಿಚಾರವು ಕಾವ್ಯದ ಎಲ್ಲೆಯನ್ನು ದಾಟಿ ಕಲಾಮಾತ್ರಕ್ಕೆ ವ್ಯಾಪಿಸಿದುದು ದೊಡ್ಡ ಲಾಭ. ಆದರೆ ಅಂದಿನಿಂದ ಪ್ರತಿಮೆಗಿಂತ ವಾಕ್ಯವೇ ಪ್ರಮಾಣವಾಗುತ್ತ ಬಂದಿತು. ಅಡಿಟಿಪ್ಪಣಿಗಳ ಸಂದಣಿಯಲ್ಲಿ ಕಲ್ಲು ಮರೆಯಾಯಿತು.

೧೯೪೩ ರಲ್ಲಿ ಅವರು ಕಲಾವಸ್ತುಗಳನ್ನು ಪ್ರದರ್ಶಿಸುವುದೇತಕ್ಕೆ ಎಂಬ ಪ್ರಶ್ನೆಯನ್ನೇ ಶಿರೋನಾಮವಾಗಿಟ್ಟು ಒಂದು ಗ್ರಂಥವನ್ನು ಹೊರಡಿಸಿದರು. ಇಂದಿನ ಕಲಾವಿದರ ಕೃತಿಗಳನ್ನು ತೂಗುಹಾಕುವುದು ಸಂಗ್ರಹಾಲಯದ ಕೆಲಸವಲ್ಲ, ಅವು ಮನೆಯಲ್ಲಿ ಗುಡಿಯಲ್ಲಿ ಬಳಕೆಯಾಗತಕ್ಕವು. ಬಳಕೆ ತಪ್ಪಿ ನಾಶದ ಅಂಚಿನಲ್ಲಿರುವ ಹಳೆಯ ವಸ್ತುಗಳನ್ನು ಕಾಪಾಡಿ, ಅವು ಯಾವ ಪ್ರಯೋಜನಕ್ಕಾಗಿ ಹುಟ್ಟಿದುವೆಂಬುದನ್ನು ಜನರಿಗೆ ತಿಳಿಯಹೇಳುವುದೇ ಅದರ ಧರ್ಮ ಎಂದು ಅಲ್ಲಿ ಸಾರಿದರು. ಸಂಗ್ರಹಾಲಯದ ಅನ್ನವನ್ನುಂಡು ಸಂಗ್ರಹಾಲಯವನ್ನೇ ಅಲ್ಪವೆಂದರೆಂದು ಕೆಲವರು ಆಕ್ಷೇಪಿಸಬಹುದು. ಆಲೋಚಿಸಿದರೆ ಇದು ಅವರ ಜೀವನದ ಅತ್ಯಂತ ಪ್ರಾಮಾಣಿಕವಾದ ಮಾತು. ಪೂಜೆಗೊಳ್ಳುತ್ತಿದ್ದ ವಿಗ್ರಹವು ಗಾಜಿನ ಪೆಟ್ಟಿಗೆಯನ್ನು ಸೇರಿದಾಗ ಉಳಿಯುವುದೇನು, ಅಳಿಯುವುದೇನು ಎಂಬುದನ್ನು ಪಾಲಕನಲ್ಲದೆ ಮತ್ತಾರು ಬಲ್ಲರು?

ಎಪ್ಪತ್ತು ವರ್ಷ ತುಂಬಿದ ಮೇಲೆ ಭಾರತಕ್ಕೆ ಹಿಂದಿರುಗುವ ಸಂಕಲ್ಪ ಅವರಿಗಿದ್ದಿತು. ೧೯೪೭ ರ ಸೆಪ್ಟೆಂಬರ್ ೯ ರಂದು ಅಮೆರಿಕದಲ್ಲಿಯೇ ಕಾಲವಾದರು. ಅವರ ಸಿದ್ಧಾಂತಗಳಲ್ಲಿ ಕೆಲವನ್ನು ಕಾಲವು ತಿದ್ದಿದೆ, ಕೆಲವನ್ನು ಇನ್ನೂ ತಿದ್ದಬೇಕಾಗಿದೆ. ಆದರೆ ವಸ್ತುವನ್ನು ಕಾಯುವವನು ಅದರ ಅರ್ಥಕ್ಕೂ ಹೊಣೆಗಾರನೆಂದು ಅವರು ಹಾಕಿಕೊಟ್ಟ ಮಾರ್ಗಕ್ಕೆ ಬಾಧೆಯಿಲ್ಲ. ಆ ಮಾರ್ಗದಲ್ಲಿ ನಡೆಯುವ ವಿದ್ವಾಂಸರು ರೂವಾರಿಯ ಹೆಸರನ್ನೂ ಅರ್ಥದ ಜತೆಗೆ ಕಾಯ್ದುಕೊಂಡರೆ ಅವರ ಕಾರ್ಯವು ಪೂರ್ಣವಾಗುವುದು.