ಮುಖವಿಲ್ಲದ ವೇಷ: ಒಂದು ಮಸಿಚಿತ್ರದ ಅರ್ಥವಿಚಾರ

ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿರುವ ಮಿತ್ರರೊಬ್ಬರ ನಡುಮನೆಯಲ್ಲಿ ಹಳೆಯದೊಂದು ಮಸಿಚಿತ್ರವಿದೆ. ಯಕ್ಷಗಾನದ ವೇಷಧಾರಿಯೊಬ್ಬನು ಒಂದು ಕಾಲನ್ನೆತ್ತಿ ನಿಂತಿದ್ದಾನೆ. ಕೇದಗೆ ಮುಂದಲೆ, ಭುಜಕೀರ್ತಿ, ಗೆಜ್ಜೆ ಎಲ್ಲವೂ ಸ್ಫುಟವಾಗಿವೆ. ಮುಖವಿರಬೇಕಾದೆಡೆಯಲ್ಲಿ ಮಾತ್ರ ಬರಿಯ ಕಾಗದ. ಸಹಿಯಿಲ್ಲ, ಕಾಲದ ಉಲ್ಲೇಖವಿಲ್ಲ.

ಇದು ಕೆ. ಕೆ. ಹೆಬ್ಬಾರರ ಕೃತಿಯೆಂಬುದು ಮಿತ್ರರ ನಂಬಿಕೆ. ಅದಕ್ಕೆ ಆಸ್ಪದವೂ ಉಂಟು. 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಹೆಬ್ಬಾರರು ಯಕ್ಷಗಾನವನ್ನು ಕಂಡು ಬೆಳೆದವರು, ಕಥಕ್ ನೃತ್ಯವನ್ನೂ ಅಭ್ಯಸಿಸಿದವರು. ಅವರ ರೇಖಾಚಿತ್ರಗಳ ಸಂಪುಟ ‘ದಿ ಸಿಂಗಿಂಗ್ ಲೈನ್’ 1964ರಲ್ಲಿ ಪ್ರಕಟವಾಯಿತು. ಆದರೂ ಅಂಕಿತವಿಲ್ಲದ ವಚನವನ್ನು ಶೈಲಿಯೊಂದನ್ನೇ ನೆಚ್ಚಿ ಬಸವಣ್ಣನವರದೆನ್ನುವುದು ಹೇಗೆ ಸಲ್ಲದೋ, ಇದೂ ಹಾಗೆಯೇ ಸಲ್ಲದು. ಈ ಮಾತು ಮಿತ್ರರಿಗೆ ರುಚಿಸಲಿಲ್ಲ. ಹೆಸರು ಹೋದರೆ ಚಿತ್ರಕ್ಕೆ ಉಳಿಯುವುದೇನೆಂದು ಕೇಳಿದರು.

ಉಳಿಯುವುದು ಆ ಬರಿದಾದ ಮುಖ. ಚಿತ್ರವು ಅಪೂರ್ಣವೆಂದು ಕೆಲವರು ಹೇಳಬಹುದು. ಬಣ್ಣ ಹಚ್ಚುವ ಮುನ್ನಿನ ನಟನೆಂದೂ ಊಹಿಸಬಹುದು. ಎರಡನೆಯ ಊಹೆ ನಿಲ್ಲದು. ಚೌಕಿಯಲ್ಲಿ ಮೊದಲು ಮುಖಕ್ಕೆ ಬಣ್ಣ, ಕಡೆಗೆ ತಲೆಯ ಕಟ್ಟು. ಇನ್ನು ಅಪೂರ್ಣವೆನ್ನೋಣವೇ? ಗೆಜ್ಜೆಯ ಒಂದೊಂದು ಮಣಿಯನ್ನೂ ಬಿಡದೆ ತಿದ್ದಿದ ಕೈ ಮುಖವನ್ನು ಮರೆತಿತೆಂದು ನನಗೆ ತೋರದು.

ವಚನಗಳನ್ನು ಓದಿದ ಅಭ್ಯಾಸದಿಂದ, ಟೊಳ್ಳು ವೇಷದ ವಿಡಂಬನೆಯೆಂದು ನಾನು ಮೊದಲು ಅರ್ಥೈಸಿದೆನು. ಶರಣರು ಡಾಂಭಿಕ ವೇಷವನ್ನು ಖಂಡಿಸಿದರಷ್ಟೆ? ಆ ಅರ್ಥವು ತಪ್ಪೆಂದು ಈಗ ಒಪ್ಪುತ್ತೇನೆ. ಅದೇ ಶರಣರ ನಡುವೆ ಬಹುರೂಪಿ ಚೌಡಯ್ಯನವರಿದ್ದರು. ‘ರೇಕಣ್ಣಪ್ರಿಯ ನಾಗಿನಾಥ’ ಅಂಕಿತದ ಆ ವಚನಕಾರರಿಗೆ ಬಹುರೂಪದ ಆಟವೇ ಕಾಯಕವಾಗಿತ್ತು. ಡಾಂಭಿಕನು ವೇಷವನ್ನೇ ತಾನೆಂದು ನಂಬಿಸುತ್ತಾನೆ. ನಟನಾದರೋ ಇದು ವೇಷವೆಂದು ಎಲ್ಲರೂ ಬಲ್ಲಂತೆಯೇ ಧರಿಸುತ್ತಾನೆ. ಮೊದಲನೆಯದು ವಂಚನೆ, ಎರಡನೆಯದು ದುಡಿಮೆ.

ಈ ಬೆಳಕಿನಲ್ಲಿ ನೋಡಿದರೆ ಆ ಬಿಳಿಯ ಎಡೆ ನಿಂದೆಯಲ್ಲ. ಇಂದು ಅರ್ಜುನ, ನಾಳೆ ಸುಧನ್ವನಾಗಬೇಕಾದವನು ತನ್ನದೆಂಬ ಮುಖವನ್ನು ಬದಿಗಿಟ್ಟಿದ್ದಾನೆ. ರೇಖೆಯ ಭಾರವೆಲ್ಲ ನೆಲವನ್ನೂರಿದ ಪಾದದಲ್ಲಿದೆ, ದುಡಿಯುವ ಅಂಗದಲ್ಲಿ. ಬರೆದವನೂ ತನ್ನ ಹೆಸರನ್ನು ಹಾಗೆಯೇ ಬದಿಗಿಟ್ಟನೇನೋ! ಚಿತ್ರಕ್ಕೆ ಹೆಸರನ್ನು ಅಂಟಿಸುವ ಆತುರವನ್ನು ಬಿಟ್ಟು ಆ ಪಾದವನ್ನು ನೋಡಿರೆಂದಷ್ಟೇ ಮಿತ್ರರಲ್ಲಿ ನನ್ನ ವಿನಂತಿ.